ಬತ್ತಿದ ಹೊಳೆಯ ಆನೆಗಳು

ಕಬಿನಿಗೋ ಬಂಡೀಪುರಕ್ಕೋ ಹೋಗಿಬಂದವರನ್ನು ಊರಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಹುಲಿ ಕಂಡಿತಾ? ಕಂಡಿದ್ದರೆ ಸಫಾರಿ ಸಾರ್ಥಕ, ಇಲ್ಲದಿದ್ದರೆ ದುಡ್ಡು ದಂಡ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ನಮೀಬಿಯಾಕ್ಕೆ ಹೋಗಬಾರದು. ಅಲ್ಲಿ ಬೆಳಗ್ಗೆ ಹೊರಟ ಜೀಪು ಮಧ್ಯಾಹ್ನದವರೆಗೆ ಓಡಿದರೂ ಕಣ್ಣಿಗೆ ಬೀಳುವುದು ಜಲ್ಲಿಕಲ್ಲಿನ ಬಯಲು, ಅದರಾಚೆ ಕೆಂಪು ಗುಡ್ಡ, ಗುಡ್ಡ ದಾಟಿದರೆ ಮತ್ತೆ ಬಯಲು. ದೇಶದ ವಿಸ್ತೀರ್ಣ 8 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಜನಸಂಖ್ಯೆ ಸುಮಾರು 30 ಲಕ್ಷ. ನಾಲ್ಕು ಕರ್ನಾಟಕ ಹಿಡಿಸುವಷ್ಟು ನೆಲದಲ್ಲಿ ಬೆಂಗಳೂರಿನ ಕಾಲುಭಾಗದಷ್ಟೂ ಜನರಿಲ್ಲ. ಅಂಥ ಕಡೆ ಒಂದು ಪ್ರಾಣಿ ಕಂಡಿತೆಂದರೆ, ಇದು ಇಲ್ಲಿ ಹೇಗೆ ಬದುಕಿದೆ ಎಂಬ ಬೆರಗೇ ಮೊದಲು ಹುಟ್ಟುತ್ತದೆ. ಉತ್ತರ ಹುಡುಕಿಕೊಂಡು ಹೋದರೆ ಪ್ರತಿಸಲವೂ ನೀರಿನ ಹತ್ತಿರ ಹೋಗಿ ನಿಲ್ಲುತ್ತೇವೆ. ಎಷ್ಟು ನೀರು, ಎಲ್ಲಿಂದ ಬಂತು, ಅದಕ್ಕಾಗಿ ಎಷ್ಟು ದೂರ ನಡೆಯಿತು. ಮರುಭೂಮಿಯ ಸಫಾರಿಯಲ್ಲಿ ನೋಡಬೇಕಾದದ್ದು ಇದನ್ನೇ ಎಂದು ನನ್ನ ನಂಬಿಕೆ.

ನಾನು ಹೋದದ್ದು ಅಕ್ಕನ ಜೊತೆ. ಅಕ್ಕನದು ಸಕಲೇಶಪುರದ ಕಡೆ ಕಾಫಿ ತೋಟ. ಆನೆ ನೋಡುವುದಕ್ಕೆ ವಿಮಾನ ಹತ್ತಬೇಕಾ ಎಂದು ಅವಳು ಕೇಳಿದಾಗ ನನಗೆ ಉತ್ತರ ಹೇಳಲಾಗಲಿಲ್ಲ. ಅವಳ ಮನೆಯಲ್ಲಿ ಸಂಜೆ ಆರರ ಮೇಲೆ ಅಂಗಳ ದಾಟಬೇಕಾದರೆ ಟಾರ್ಚು ಹಾಕಿ ನಾಲ್ಕೂ ಕಡೆ ನೋಡಿಯೇ ಕಾಲಿಡಬೇಕು. ಗದ್ದೆಯಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಹಿಂಡು ಇಳಿಯುತ್ತದೆ. ಕೆಲಸಕ್ಕೆ ಬರುವ ಹೆಂಗಸರು ಒಂಟಿ ಸಲಗ ಎಲ್ಲಿದೆ ಎಂದು ಮೊಬೈಲಿನ ಸಂದೇಶ ನೋಡಿಕೊಂಡು ತೋಟಕ್ಕೆ ಹೊರಡುತ್ತಾರೆ. ಆದರೂ ಅವಳು ಬಂದಳು. ಮರವೇ ಇಲ್ಲದ ಊರಲ್ಲಿ ಆನೆ ಏನು ತಿನ್ನುತ್ತದೆ ನೋಡಬೇಕು ಎಂದಳು.

ಜುಲೈ ಅಲ್ಲಿಗೆ ಚಳಿಗಾಲ, ಒಣಗಾಲ. ಸೊಸಸ್‌ಫ್ಲೇ ಎಂಬಲ್ಲಿ ಮರಳುದಿಬ್ಬಗಳು 300 ಮೀಟರಿಗೂ ಎತ್ತರ ಏಳುತ್ತವೆ. ಆ ದಿಬ್ಬಗಳ ಸಾಗರವನ್ನು ಯುನೆಸ್ಕೊ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫೋಟೋ ತೆಗೆಯುವವರೆಲ್ಲ ಸೂರ್ಯೋದಯಕ್ಕೆ ಅಲ್ಲಿ ನೆರೆಯುತ್ತಾರೆ, ನೆರೆಯುವಂಥ ಜಾಗವೇ. ನನಗೆ ಮಾತ್ರ ನೆನಪಿನಲ್ಲಿ ಉಳಿದಿರುವುದು ಬಿಸಿಲೇರಿ ಎಲ್ಲರೂ ಹಿಂದಿರುಗಿದ ಮೇಲೆ ದಿಬ್ಬವೊಂದರ ಏಣಿನ ಮೇಲೆ ನಿಂತಿದ್ದ ಒರಿಕ್ಸ್. ಬೂದು ಮೈ, ಮುಖಕ್ಕೆ ಕಪ್ಪುಬಿಳಿ ಪಟ್ಟೆ, ನೆಟ್ಟಗೆ ಹಿಂದಕ್ಕೆ ಚಾಚಿದ ಉದ್ದನೆಯ ಎರಡು ಕೊಂಬು. ನಮೀಬಿಯಾದ ರಾಷ್ಟ್ರಲಾಂಛನದಲ್ಲಿರುವುದು ಇದೇ ಪ್ರಾಣಿ. ನಡುಹಗಲಿನಲ್ಲಿ ಅದು ತಗ್ಗಿಗಿಳಿಯದೆ ಅಷ್ಟೆತ್ತರದಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತದ್ದೇಕೆ ಎಂದರೆ, ಗಾಳಿ ಆಡುವುದು ಅಲ್ಲೇ. ಬೆವರಿದರೆ ನೀರು ಖರ್ಚು. ಹಾಗಾಗಿ ಒರಿಕ್ಸ್ ಬೆವರುವುದನ್ನು ಆದಷ್ಟೂ ತಡೆದು, ಮೈಯ ಕಾವು ಏರಲು ಬಿಡುತ್ತದೆ. ಸಂಶೋಧಕರು ಒರಿಕ್ಸ್‌ನ ಮೈಯಲ್ಲಿ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಅಳೆದಿದ್ದಾರೆ. ಮನುಷ್ಯನಿಗೆ ಅಷ್ಟು ಜ್ವರ ಬಂದರೆ ಜೀವ ಉಳಿಯುವುದಿಲ್ಲ. ಒರಿಕ್ಸ್‌ಗೆ ಮಿದುಳನ್ನು ಕಾಯುವ ಬೇರೆ ಏರ್ಪಾಟು ಇದೆ. ಮಿದುಳಿಗೆ ಏರುವ ರಕ್ತನಾಳ ತಲೆಯ ಬುಡದಲ್ಲಿ ಸಣ್ಣ ಸಣ್ಣ ಕವಲಾಗಿ ಬಲೆಯಂತೆ ಹರಡುತ್ತದೆ, ಮೂಗಿನ ಒಳಗೆ ಉಸಿರಾಟದಿಂದ ತಣಿದ ರಕ್ತ ಆ ಬಲೆಯನ್ನು ಸುತ್ತಿಕೊಂಡು ಹರಿದು ಅದರ ಕಾವು ಇಳಿಸುತ್ತದೆ. ರಾತ್ರಿಯಾದ ಮೇಲೆ ಒಣಹುಲ್ಲು ಗಾಳಿಯ ತೇವ ಹೀರಿಕೊಂಡಾಗ ಅದನ್ನು ಮೇಯುತ್ತದೆ. ಇಷ್ಟೆಲ್ಲ ಮಾಡಿ ಉಳಿಸಿದ ನೀರನ್ನು ಅದು ಓಡಿ ಕಳೆಯುವಂತೆ ಮಾಡುವುದು ನಮಗೆ ಬಹಳ ಸುಲಭ. ದಿಬ್ಬದ ಬುಡಕ್ಕೆ ನಾಲ್ಕು ಹೆಜ್ಜೆ ಹತ್ತಿರ ಹೋದರೆ ಸಾಕು.

ಈ ಮರುಭೂಮಿಗೆ ಮಳೆ ಕೊಡದೆ ಕಾಡುವುದೂ ಕಡಲೇ, ಬದುಕಿಸುವುದೂ ಕಡಲೇ. ಅಟ್ಲಾಂಟಿಕ್‌ನ ಅಂಚಿನಲ್ಲಿ ದಕ್ಷಿಣದಿಂದ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಹರಿದುಬರುತ್ತದೆ. ಅದರ ಮೇಲಿನ ಗಾಳಿ ತಣ್ಣಗೆ ನೆಲಕಚ್ಚಿಕೊಂಡೇ ಇರುವುದರಿಂದ ಮೇಲೇರಿ ಮಳೆಮೋಡ ಆಗುವುದಿಲ್ಲ, ಕಾವಳವಾಗಿ ಒಳನಾಡಿಗೆ ತೆವಳುತ್ತದೆ. ಸ್ವಾಕೊಪ್‌ಮುಂಡ್ ಪಟ್ಟಣದಲ್ಲಿ ಬೆಳಗ್ಗೆ ಎದ್ದರೆ ಮಡಿಕೇರಿಯ ಮಳೆಗಾಲದ ಹಾಗೆ ಎದುರಿನ ಮನೆ ಕಾಣುವುದಿಲ್ಲ, ನೆಲ ಮಾತ್ರ ಒಣಮರಳು. ಅಲ್ಲಿಯ ಗೈಡ್ ಬರಿಗಾಲಲ್ಲಿ ದಿಬ್ಬದ ಮೇಲೆ ಓಡಾಡುತ್ತ, ನಮಗೆ ಕಾಣದ ಗುರುತುಗಳನ್ನು ಓದಿ, ಒಂದು ಕಡೆ ಮಂಡಿಯೂರಿ ಮರಳು ಬಗೆದ. ಬಂದದ್ದು ಬೆರಳುದ್ದದ ಒಂದು ಹಲ್ಲಿ. ಚರ್ಮ ಎಷ್ಟು ತೆಳುವೆಂದರೆ ಒಳಗಿನ ಅಂಗಾಂಗ ನೆರಳಿನ ಹಾಗೆ ಕಾಣುತ್ತಿತ್ತು. ಕಾಲಿನ ಬೆರಳುಗಳ ನಡುವೆ ಬಾತುಕೋಳಿಗಿರುವಂಥ ಪೊರೆ, ಮರಳು ತೋಡುವುದಕ್ಕೆ. ಕಣ್ಣಿಗೆ ರೆಪ್ಪೆಯಿಲ್ಲ. ನಾಲಿಗೆ ಹೊರಗೆ ಚಾಚಿ ತನ್ನ ಕಣ್ಣನ್ನೇ ಒಮ್ಮೆ ಒರೆಸಿಕೊಂಡಿತು. ಕಾವಳ ಕಟ್ಟಿದಾಗ ಮುಖದ ಮೇಲೆ ಕೂತ ಹನಿಗಳನ್ನು ಹೀಗೆ ನೆಕ್ಕಿ ಕುಡಿಯುತ್ತದಂತೆ. ಬಿಸಿಲು ಬೀಳುವ ಮೊದಲೇ ಗೈಡ್ ಅದನ್ನು ಮತ್ತೆ ಮರಳಿನಲ್ಲಿ ಬಿಟ್ಟು, ಮೇಲೆ ತನ್ನ ನೆರಳು ಬೀಳುವಂತೆ ಅದು ಮರೆಯಾಗುವವರೆಗೂ ನಿಂತ. ಅವನ ಆ ಎಚ್ಚರ ನನಗೆ ಇಷ್ಟವಾಯಿತು. ಸ್ವಲ್ಪ ದೂರದಲ್ಲಿ ಒಂದು ಊಸರವಳ್ಳಿ ಸಿಕ್ಕಿತು. ಸೂರ್ಯನ ಕಡೆಯ ಮೈಯನ್ನು ಕಪ್ಪು ಮಾಡಿಕೊಂಡು ಕಾವು ಹೀರುತ್ತಿತ್ತು, ಇನ್ನೊಂದು ಪಕ್ಕ ಬೂದು ಬಿಳುಪು. ಒಂದೇ ಮೈ, ಬೆನ್ನೆಲುಬಿನ ಆಚೆಗೊಂದು ಬಣ್ಣ, ಈಚೆಗೊಂದು ಬಣ್ಣ.

ಕಾವಳ ಕುಡಿಯುವ ಜೀರುಂಡೆಯ ವಿಷಯ ಓದಿದವರಿಗೆ ಗೊತ್ತಿರಬಹುದು. ನಸುಕಿನಲ್ಲಿ ಅದು ದಿಬ್ಬದ ಏಣಿಗೆ ಹತ್ತಿ, ಗಾಳಿಗೆ ಎದುರಾಗಿ ತಲೆ ತಗ್ಗಿಸಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಮಂಜು ಹನಿಯಾಗಿ ಬಾಯಿಗೆ ಇಳಿಯುತ್ತದೆ. ಮರುಭೂಮಿಯ ನಡುವೆ ಗೊಬಾಬೆಬ್ ಎಂಬಲ್ಲಿ 1962ರಿಂದ ಒಂದು ಸಂಶೋಧನಾ ಕೇಂದ್ರವಿದೆ. ಅಲ್ಲಿ ಸಂಶೋಧಕರಾದ ಮೇರಿ ಸೀಲಿ ಮತ್ತು ಹ್ಯಾಮಿಲ್ಟನ್ 1976ರಲ್ಲಿ ಈ ಜೀರುಂಡೆಗಳನ್ನು ಕಾವಳಕ್ಕೆ ಮೊದಲೂ ಆಮೇಲೂ ತೂಗಿ ನೋಡಿ ವರದಿ ಮಾಡಿದರು. ಕೆಲವು ಒಂದೇ ಬೆಳಗಿನಲ್ಲಿ ತಮ್ಮ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಕುಡಿದಿದ್ದವು.

ಆನೆಗಳಿರುವುದು ಇಲ್ಲಿಂದ ಉತ್ತರಕ್ಕೆ, ಕುನೇನೆ ಪ್ರಾಂತದ ಬತ್ತಿದ ಹೊಳೆಗಳಲ್ಲಿ. ಹೋವಾನಿಬ್ ಅಂಥ ಒಂದು ಹೊಳೆ. ಒಳನಾಡಿನಲ್ಲಿ ಚೆನ್ನಾಗಿ ಮಳೆಯಾದ ವರ್ಷ ಕೆಲವು ದಿನ ಹರಿಯುತ್ತದೆ, ಉಳಿದಂತೆ ಅಗಲವಾದ ಮರಳಿನ ಹಾಸು. ಆ ಹಾಸಿನ ಅಡಿಯಲ್ಲಿ ನೀರು ಇಳಿದು ಕೂತಿರುತ್ತದೆ. ಅದನ್ನು ಹಿಡಿದುಕೊಂಡು ದಡದುದ್ದಕ್ಕೂ ಆನಾ ಎಂಬ ಜಾಲಿ ಜಾತಿಯ ದೊಡ್ಡ ಮರಗಳು ನಿಂತಿವೆ. ಈ ಮರ ಮಳೆಗಾಲದಲ್ಲಿ ಎಲೆ ಉದುರಿಸಿ ಒಣಗಾಲದಲ್ಲಿ ಹಸಿರಾಗುತ್ತದೆ, ಬೇರೇನೂ ಸಿಗದ ಹೊತ್ತಿನಲ್ಲಿ ಸುರುಳಿಸುತ್ತಿದ ಕಾಯಿ ಕೊಡುತ್ತದೆ. ಅಕ್ಕನ ಪ್ರಶ್ನೆಗೆ ಉತ್ತರ ಆ ಕಾಯಿಯಲ್ಲಿತ್ತು.

ಮರುಭೂಮಿಯ ಆನೆ ಎಂದರೆ ಬೇರೆ ಜಾತಿಯೇನಲ್ಲ. ಆಫ್ರಿಕಾದ ಬಯಲಿನ ಆನೆಯೇ. ಮೈ ತುಸು ಇಳಿದು ಕಾಲು ಉದ್ದವಾಗಿ ಕಾಣುತ್ತದೆ. ಬದಲಾಗಿರುವುದು ನಡವಳಿಕೆ. ಬೇರೆ ಕಡೆಯ ಆನೆ ದಿನವೂ ನೀರು ಕುಡಿದರೆ, ಇವು ಎರಡು ಮೂರು ದಿನ ತಡೆದುಕೊಳ್ಳುತ್ತವೆ. ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಇರುಳಿನ ತಂಪಿನಲ್ಲಿ ಹತ್ತಾರು ಕಿಲೋಮೀಟರ್ ನಡೆಯುತ್ತವೆ. ಹಿಂಡು ಸಣ್ಣದು, ಏಕೆಂದರೆ ಒಂದೇ ಕಡೆ ಹೆಚ್ಚು ಬಾಯಿಗೆ ಮೇವಿಲ್ಲ. ಮರ ಕೆಡಹುವುದು ಕಡಿಮೆ. ಎಲ್ಲಿ ಬಗೆದರೆ ನೀರು ಬರುತ್ತದೆ ಎಂಬುದು ಹಿರಿಯ ಹೆಣ್ಣಾನೆಗೆ ಗೊತ್ತು, ಅವಳ ಹಿಂದೆ ನಡೆದು ಮರಿಗಳು ಕಲಿಯುತ್ತವೆ. ಹಾಗಾಗಿ ಇಲ್ಲಿ ಒಂದು ಹಿರಿಯಾನೆ ಸತ್ತರೆ ಹಿಂಡು ಒಂದು ದಾರಿಯನ್ನೇ ಕಳೆದುಕೊಳ್ಳುತ್ತದೆ.

ನಾವು ನೋಡಿದ್ದು ಅಂಥ ಒಂದು ಹಿರಿಯಾನೆಯನ್ನು. ಗೈಡ್ ಅಲ್ಲಿಯವನೇ, ದಮಾರಾ ಜನಾಂಗದವನು. ಹೊಳೆಯ ತಿರುವಿನಲ್ಲಿ ಹಿಂಡು ಕಂಡ ಕೂಡಲೇ ದೂರದಲ್ಲೇ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ಹಿರಿಯಾನೆ ಮುಂಗಾಲಿನ ಉಗುರಿನಿಂದ ಮರಳು ಕೆದರಿತು. ಸೊಂಡಿಲು ಇಳಿಸಿ ಒದ್ದೆಮರಳು ಬಾಚಿ ಪಕ್ಕಕ್ಕೆ ಎಸೆಯಿತು. ಮತ್ತೆ ಕೆದರಿತು. ನಮ್ಮ ಬಯಲುಸೀಮೆಯ ಹೆಂಗಸರು ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು ಒರತೆ ತೋಡುವ ಕ್ರಮವೇ ಅದು, ಒಂದು ಹೆಜ್ಜೆಯೂ ಹೆಚ್ಚುಕಡಿಮೆಯಿಲ್ಲ. ಗುಂಡಿಯಲ್ಲಿ ಮೊದಲು ಜಿನುಗಿದ ರಾಡಿನೀರನ್ನು ಹೀರಿ ಹೊರಗೆ ಚೆಲ್ಲಿತು. ಆಮೇಲೆ ಕಾಯಿತು. ಸೊಂಡಿಲನ್ನು ಗುಂಡಿಯ ಮೇಲೆ ಇಳಿಬಿಟ್ಟು, ಕಿವಿ ನಿಧಾನವಾಗಿ ಬೀಸುತ್ತ, ತಿಳಿನೀರು ತುಂಬುವವರೆಗೆ ನಿಂತಿತು. ಕುಡಿದಾದ ಮೇಲೆ ಪಕ್ಕಕ್ಕೆ ಸರಿಯಿತು, ಇನ್ನೊಂದು ಹೆಣ್ಣಾನೆ ಬಂತು. ಮರಿಯ ಸೊಂಡಿಲು ಗುಂಡಿಯ ತಳ ಮುಟ್ಟಲಿಲ್ಲ. ಅದು ಮುಂಗಾಲು ಮಡಿಸಿ ಮಂಡಿಯೂರಿತು, ಆಗಲೂ ಎಟುಕಲಿಲ್ಲ. ತಾಯಿ ಅಂಚಿನ ಮರಳನ್ನು ಕಾಲಿನಿಂದ ಒಳಕ್ಕೆ ಕುಸಿಯದಂತೆ ಹೊರಗೆ ಎಳೆದು ಇಳಿಜಾರು ಮಾಡಿದ ಮೇಲೆ ಮರಿಗೆ ನೀರು ಸಿಕ್ಕಿತು. ಬೇಕೆಂದೇ ಹಾಗೆ ಮಾಡಿತೇ ಎಂದು ಗೈಡನ್ನು ಕೇಳಿದೆ. ನಾನು ಎಷ್ಟೋ ಸಲ ನೋಡಿದ್ದೇನೆ ಎಂದಷ್ಟೇ ಹೇಳಿದ.

ಅಕ್ಕ ಅಷ್ಟು ಹೊತ್ತೂ ಮಾತಾಡಲಿಲ್ಲ. ಕೊನೆಗೆ, "ನಮ್ಮಲ್ಲೂ ಹೀಗೇ ಇರ್ತಾವೆ ಕಣೋ. ನಿಂತು ನೋಡೋ ಹಾಗಿಲ್ಲ ಅಷ್ಟೆ" ಎಂದಳು.

ಹಿಂಡು ದಾಟಿ ಹೋದ ಮೇಲೆ ಆ ಗುಂಡಿಗೆ ಬಬೂನ್‌ಗಳು ಬಂದವು, ಅವುಗಳ ಹಿಂದೆ ಒಂದು ಗುಳ್ಳೆನರಿ. ಆನೆ ತೋಡಿದ ಒರತೆಯನ್ನು ನಂಬಿಕೊಂಡ ಬಾಯಿಗಳು ಆ ಹೊಳೆಯಲ್ಲಿ ಬಹಳ ಇವೆ. ನಾವೇನಾದರೂ ಹತ್ತಿರ ನುಗ್ಗಿ ಹಿರಿಯಾನೆಯನ್ನು ಅರ್ಧಕ್ಕೆ ಎಬ್ಬಿಸಿದ್ದರೆ ಇವೆಲ್ಲದಕ್ಕೂ ಅಂದು ನೀರಿರಲಿಲ್ಲ.

ಅಲ್ಲಿಂದ ಸೆಸ್‌ಫಾಂಟೇನ್ ಕಡೆಗೆ ಬರುವಾಗ ಒಂದು ಹಟ್ಟಿಯ ಹತ್ತಿರ ಗಾಡಿ ನಿಂತಿತು. ನಾಲ್ಕೈದು ಮನೆ, ಮೇಕೆಗಳು, ಒಂದು ಬೋರ್‌ವೆಲ್, ಸೋಲಾರ್ ಪಂಪು, ನೀರಿನ ಟ್ಯಾಂಕು. ಟ್ಯಾಂಕಿನ ಸುತ್ತ ಎದೆಮಟ್ಟದ ದಪ್ಪನೆಯ ಕಲ್ಲುಗೋಡೆ. ಅಕ್ಕ ಕೆಳಗಿಳಿದವಳೇ ಸೀದಾ ಆ ಗೋಡೆಯ ಹತ್ತಿರ ಹೋದಳು. ಮೇಕೆ ಕಾಯುತ್ತಿದ್ದ ಹೆಂಗಸು ಗೈಡಿನ ಮೂಲಕ ಹೇಳಿದ್ದು ಇಷ್ಟು: ಗೋಡೆ ಇಲ್ಲದಾಗ ಆನೆ ರಾತ್ರಿ ಬಂದು ಪೈಪು ಕಿತ್ತು ಟ್ಯಾಂಕು ಬರಿದು ಮಾಡುತ್ತಿತ್ತು, ಬೆಳಗ್ಗೆ ಎದ್ದರೆ ಮಕ್ಕಳಿಗೂ ನೀರಿಲ್ಲ, ಮೇಕೆಗೂ ಇಲ್ಲ. ಈಗ ಊರವರೂ ಹೊರಗಿನಿಂದ ಬಂದ ಸ್ವಯಂಸೇವಕರೂ ಸೇರಿ ಗೋಡೆ ಕಟ್ಟಿದ್ದಾರೆ. ಆನೆಗೆಂದೇ ದೂರದಲ್ಲಿ ಬೇರೆ ತೊಟ್ಟಿ ಇಟ್ಟಿದ್ದಾರೆ. ನಷ್ಟಕ್ಕೆ ಪರಿಹಾರ ಎಷ್ಟು ಕೊಡ್ತಾರೆ ಎಂದು ಅಕ್ಕ ಕೇಳಿದಳು. ಸ್ವಲ್ಪ ಸಹಾಯ ಸಿಗುತ್ತದೆ, ಪೂರ್ತಿ ನಷ್ಟ ತುಂಬಿಕೊಡುವ ಪದ್ಧತಿಯಿಲ್ಲ ಎಂದಾಗ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೈಡಿಗೆ ಅದನ್ನು ಭಾಷಾಂತರಿಸುವ ಕೆಲಸ ಬೀಳಲಿಲ್ಲ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು ಎಂದು ನಾವು ಹೆಮ್ಮೆಪಡುತ್ತೇವೆ. ಕುನೇನೆಯ ಮರುಭೂಮಿಯಲ್ಲಿ ಅವು ನೂರರ ಲೆಕ್ಕದಲ್ಲಿವೆ. ಎರಡೂ ಕಡೆ ಹೆಮ್ಮೆ ದೇಶದ್ದು, ರಾತ್ರಿ ಎಚ್ಚರವಿರಬೇಕಾದವರು ಅಂಚಿನ ಮನೆಯವರು. ಸಫಾರಿಗೆ ಹೋಗುವ ನಾವು ಆ ಅಂಚಿನ ಮನೆಯಲ್ಲಿ ಒಂದು ಗಳಿಗೆಯಾದರೂ ನಿಲ್ಲದೆ ಬರುವುದು ಸರಿಯಲ್ಲ.

ಈ ಆನೆಗಳು ಉಳಿದಿರುವುದೇ ಆ ಮನೆಗಳಿಂದ. 1980ರ ದಶಕದ ಆರಂಭದಲ್ಲಿ ಬರಗಾಲ, ದಂತಕ್ಕಾಗಿ ಕಳ್ಳಬೇಟೆ ಎರಡೂ ಸೇರಿ ಅಲ್ಲಿ ಆನೆ, ಕಪ್ಪು ಘೇಂಡಾಮೃಗಗಳು ಮುಗಿದೇ ಹೋಗುವ ಹಂತಕ್ಕೆ ಬಂದಿದ್ದವು. ಆಗ ಗಾರ್ಥ್ ಓವೆನ್ ಸ್ಮಿತ್ ಎಂಬವರು ಊರಿನ ಮುಖಂಡರ ಬಳಿ ಹೋಗಿ, ಕಾವಲುಗಾರರನ್ನು ನೀವೇ ಆರಿಸಿ ಕೊಡಿ ಎಂದು ಕೇಳಿದರು. ಊರವರು ಆರಿಸಿದವರಲ್ಲಿ ಜಾಡು ಹಿಡಿಯುವುದರಲ್ಲಿ ಪಳಗಿದ ಹಳೆಯ ಬೇಟೆಗಾರರೂ ಇದ್ದರು. ದೇಶ 1990ರಲ್ಲಿ ಸ್ವತಂತ್ರವಾಯಿತು. 1996ರಲ್ಲಿ ಬಂದ ಕಾನೂನು, ಸಮುದಾಯದ ನೆಲದ ಮೇಲಿನ ವನ್ಯಜೀವಿಗಳನ್ನು ನೋಡಿಕೊಳ್ಳುವ ಹಕ್ಕನ್ನೂ ಪ್ರವಾಸೋದ್ಯಮದ ವರಮಾನವನ್ನೂ ಊರವರ ಸಂಘಗಳಿಗೆ ಕೊಟ್ಟಿತು. ಇಂಥ ಸಂಘಗಳು ಈಗ 80ಕ್ಕಿಂತ ಹೆಚ್ಚು. ನಮ್ಮ ಗೈಡಿನ ಸಂಬಳವೂ ಅಂಥದೇ ಒಂದು ಸಂಘದ ನೆಲದಲ್ಲಿ ಹುಟ್ಟಿದ್ದು. ರಾಷ್ಟ್ರೀಯ ಉದ್ಯಾನದ ಬೇಲಿಯ ಹೊರಗೆ, ಮೇಕೆಗಳ ನಡುವೆ, ಘೇಂಡಾಮೃಗ ಸ್ವಚ್ಛಂದವಾಗಿ ಓಡಾಡಿಕೊಂಡಿರುವುದು ಇವತ್ತು ಅಲ್ಲಿ ಕಾಣುತ್ತದೆ. ಅವು ಎಲ್ಲಿ ಕಂಡವು ಎಂದು ಮಾತ್ರ ಯಾರೂ ಬರೆಯಬಾರದು ಎನ್ನುತ್ತಾರೆ, ನಾನೂ ಬರೆಯುವುದಿಲ್ಲ.

ಸಿಂಹ ಕಾಣಲಿಲ್ಲ. ಮರಳಿನ ಮೇಲೆ ಅದರ ಹೆಜ್ಜೆ ಮಾತ್ರ ಕಂಡಿತು. ಈ ಹೊಳೆಗಳ ಸಿಂಹಗಳಲ್ಲಿ ಕೆಲವು ಈಚಿನ ವರ್ಷಗಳಲ್ಲಿ ಕಡಲತಡಿಗೆ ಇಳಿದು ಸೀಲ್ ಬೇಟೆಯಾಡುವುದನ್ನು ಮತ್ತೆ ಕಲಿತಿವೆ.

ಕೊನೆಗೆ ಎಟೋಶಾ. ಉಪ್ಪಿನ ಬಿಳಿಬಯಲೊಂದನ್ನು ಸುತ್ತುವರಿದ 22 ಸಾವಿರ ಚದರ ಕಿಲೋಮೀಟರಿನ ಉದ್ಯಾನ. ಸುಣ್ಣದ ಧೂಳಿನಿಂದ ಅಲ್ಲಿಯ ಆನೆಗಳೂ ಬೆಳ್ಳಗಿರುತ್ತವೆ. ಒಕೌಕ್ವೇಯೊ ಎಂಬ ತಂಗುದಾಣದಲ್ಲಿ ನೀರುಗುಂಡಿಯ ಎದುರು ಕಲ್ಲಿನ ಮೋಟುಗೋಡೆ, ಅದರ ಈಚೆ ಬೆಂಚು. ಇಡೀ ದಿನ ಅಲ್ಲೇ ಕೂತರೂ ಕಳೆಯುತ್ತದೆ. ಜೀಬ್ರಾ, ಸ್ಪ್ರಿಂಗ್‌ಬಾಕ್, ಜಿರಾಫೆ ಸಾಲಾಗಿ ಬರುತ್ತವೆ. ಅವುಗಳ ಫೋಟೋ ನೀವೆಲ್ಲ ನೋಡಿರುತ್ತೀರಿ. ನಾನು ಹೇಳಬೇಕೆಂದಿರುವುದು ಬಿಸಿಲೇರುವ ಹೊತ್ತಿಗೆ ಗುಂಪಾಗಿ ಹಾರಿಬಂದಿಳಿಯುವ, ಪಾರಿವಾಳದಷ್ಟು ದೊಡ್ಡ, ಮಣ್ಣುಬಣ್ಣದ ಸ್ಯಾಂಡ್‌ಗ್ರೌಸ್ ಹಕ್ಕಿಯ ವಿಷಯ. ಎಲ್ಲವೂ ಆತುರವಾಗಿ ಕುಡಿದು ಹಾರುತ್ತವೆ. ಕೆಲವು ಗಂಡುಗಳು ಮಾತ್ರ ನೀರಿಗಿಳಿದು ಹೊಟ್ಟೆಯ ಗರಿ ಕೆದರಿ, ಮೈಯನ್ನು ಅತ್ತಿತ್ತ ತೂಗುತ್ತ ಕೂರುತ್ತವೆ. ಆ ಗರಿಗಳ ಎಳೆಗಳು ಒಣಗಿದ್ದಾಗ ಸುರುಳಿಯಾಗಿದ್ದು, ಒದ್ದೆಯಾದರೆ ಬಿಚ್ಚಿಕೊಂಡು ನೀರು ಹಿಡಿದಿಡುತ್ತವೆ. ಒಂದು ಹಕ್ಕಿ ಎರಡು ದೊಡ್ಡ ಚಮಚೆಗೂ ಮಿಗಿಲಾಗದಷ್ಟು ನೀರು ಹೊತ್ತು, ಹತ್ತಾರು ಕಿಲೋಮೀಟರ್ ಹಾರಿ, ಬರಿನೆಲದಲ್ಲಿರುವ ಮರಿಗಳ ಮುಂದೆ ನೆಟ್ಟಗೆ ನಿಲ್ಲುತ್ತದೆ. ಮರಿಗಳು ಅಪ್ಪನ ಹೊಟ್ಟೆಯ ಗರಿಯನ್ನು ಕೊಕ್ಕಿನಲ್ಲಿ ಹಿಂಡಿ ಕುಡಿಯುತ್ತವೆ. ಮೀಡ್ ವಾಲ್ಡೊ ಎಂಬ ಇಂಗ್ಲಿಷರು 1896ರಲ್ಲೇ ತಮ್ಮ ಪಂಜರದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಿದ್ದರು. ವಿದ್ವಾಂಸರು ಬಹುಕಾಲ ನಂಬಲಿಲ್ಲ. 1967ರಲ್ಲಿ ಟಾಮ್ ಕೇಡ್ ಮತ್ತು ಗಾರ್ಡನ್ ಮೆಕ್ಲೀನ್ ಕಲಹಾರಿಯಲ್ಲಿ ಕೂತು ನೋಡಿ ನಿಜ ಎಂದು ತೋರಿಸಿದರು. ನೀರಲ್ಲಿ ಕೂತ ಆ ಗಂಡುಹಕ್ಕಿಗೆ ಹದ್ದು ಡೇಗೆಗಳ ಭಯ ಪ್ರತಿ ಕ್ಷಣವೂ ಇದೆ. ಆದರೂ ಕೂರುತ್ತದೆ. ಆಫ್ರಿಕಾದಲ್ಲಿ ನಾನು ಕಂಡದ್ದರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಈ ಹಕ್ಕಿಯ ಹೆಸರನ್ನೇ ಹೇಳುತ್ತೇನೆ.

ನಾವು ಬಂದ ಮರುವರ್ಷ, 2024ರಲ್ಲಿ, ಅಲ್ಲಿ ಭೀಕರ ಬರ ಬಿತ್ತು. ಹಸಿದ ಜನಕ್ಕೆ ಮಾಂಸ ಹಂಚಲು 83 ಆನೆಗಳೂ ಸೇರಿ 723 ಕಾಡುಪ್ರಾಣಿಗಳನ್ನು ಕೊಲ್ಲಲು ಸರ್ಕಾರ ಆಗಸ್ಟ್‌ನಲ್ಲಿ ತೀರ್ಮಾನಿಸಿತು. ಅದಕ್ಕೆ ಎರಡು ವರ್ಷ ಹಿಂದೆ, 2022ರ ಸೆಪ್ಟೆಂಬರ್ 17ರಂದು, ಅದೇ ದೇಶದಿಂದ ಎಂಟು ಚೀತಾಗಳು ನಮ್ಮ ಕುನೋ ಅರಣ್ಯಕ್ಕೆ ಬಂದಿಳಿದಾಗ ನಮ್ಮಲ್ಲಿ ಸಂಭ್ರಮಿಸಿದವರೇ ಈ ಸುದ್ದಿಗೆ ಕೆಂಡವಾದರು. ನನಗೂ ಸಂಕಟವಾಯಿತು. ಹಿರಿಯಾನೆಯ ಸೊಂಡಿಲು ಕಣ್ಣಿಗೆ ಕಟ್ಟಿತು. ಅಕ್ಕ ಫೋನಿನಲ್ಲಿ ಹೇಳಿದ್ದು ಬೇರೆ: "ಆ ಹೆಂಗಸಿನ ಮೇಕೆಗಳು ಉಳಿದಿರ್ತಾವಾ?" ಬಯ್ಯುವ ಮೊದಲು ಆ ಪ್ರಶ್ನೆ ಕೇಳಿಕೊಳ್ಳಬೇಕು ಎಂದು ನನಗೂ ಅನ್ನಿಸಿತು. ಆನೆಯನ್ನು ಕೊಂದ ಬರವೇ ಊರನ್ನೂ ಬರಿದುಮಾಡುತ್ತದೆ. ಒರತೆ ಒಂದೇ, ಬಾಯಿ ಎರಡು.

ಈಚೆಗೆ ಕನ್ನಡಿಗರು ಅಲ್ಲಿಗೆ ಹೆಚ್ಚು ಹೋಗುತ್ತಿದ್ದಾರೆ, ಹೋಗಬೇಕು. ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟು. ಜಲ್ಲಿಬಯಲಿನಲ್ಲಿ ದಾರಿ ಬಿಟ್ಟು ಗಾಡಿ ಇಳಿಸಬೇಡ ಎಂದು ಗೈಡಿಗೆ ಹೇಳಿ. ಮಳೆಯಿಲ್ಲದ ಆ ನೆಲದಲ್ಲಿ ಚಕ್ರದ ಗುರುತು ಹತ್ತಾರು ವರ್ಷ ಅಳಿಯುವುದಿಲ್ಲ, ಅದರಡಿಯ ಕಲ್ಲುಹೂವು ಮತ್ತೆ ಬೆಳೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಬತ್ತಿದ ಹೊಳೆಯಲ್ಲಿ ಆನೆ ಗುಂಡಿ ತೋಡುತ್ತಿದ್ದರೆ ದೂರದಲ್ಲೇ ನಿಲ್ಲಿಸು, ನಮಗೆ ಹತ್ತಿರದ ಫೋಟೋ ಬೇಡ ಎಂದು ಗೈಡಿಗೆ ನೀವೇ ಮೊದಲು ಹೇಳಿ. ದುಡ್ಡು ಕೊಟ್ಟವರು ನೀವು, ಅವನಾಗಿ ಹೇಳುವುದು ಅವನಿಗೆ ಕಷ್ಟ.